ನಂಜು ಮತ್ತು ರಕ್ತನಾಳದ ಒಳಪದರ: ಗ್ರಾಮ ಮಟ್ಟದಲ್ಲಿ ನಮ್ಮ ಹೊಣೆ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಗ್ರಾಮ ಆರೋಗ್ಯ ಸಮಿತಿ ಸದಸ್ಯರಿಗೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಾನು ವೈದ್ಯನಲ್ಲ; ಎಂಜಿನಿಯರಿಂಗ್ ಓದಿ ಪಂಚಾಯತಿ ಸೇವೆಗೆ ಬಂದವನು. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಪಂಚಾಯತಿಯ ಕೂಲಿಕಾರರೊಬ್ಬರ ಕಾಲಿಗೆ ಜಾಲಿಮುಳ್ಳು ನೆಟ್ಟಿತು. ಸಕ್ಕರೆ ಕಾಯಿಲೆಯಿದ್ದ ಅವರು ಅರಿಶಿನ ಹಚ್ಚಿಕೊಂಡು ನಾಲ್ಕು ದಿನ ಕೆಲಸಕ್ಕೆ ಬಂದರು. ಐದನೆಯ ರಾತ್ರಿ ಏದುಸಿರು, ಅಸಂಬದ್ಧ ಮಾತು. ಜ್ವರದ ಬಡಬಡಿಕೆಯೆಂದು ಮನೆಯವರು ಬೆಳಗಾಗಲು ಕಾದರು. ಅಷ್ಟರಲ್ಲಿ ರಕ್ತದೊತ್ತಡ ಕುಸಿದಿತ್ತು, ಅವರು ಉಳಿಯಲಿಲ್ಲ.

ಸೋಂಕಿಗೆ ದೇಹವು ತೋರುವ ಪ್ರತಿರೋಧವೇ ಅಂಕೆ ಮೀರಿ ಅಂಗಾಂಗಗಳನ್ನು ಕೆಡಿಸುವುದನ್ನು ಸೆಪ್ಸಿಸ್, ಅಂದರೆ ನಂಜು, ಎನ್ನುವರು. ರಕ್ತನಾಳಗಳ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ. ಕಾಲುವೆಯ ಲೈನಿಂಗ್ ಕಿತ್ತುಹೋದರೆ ನೀರು ನಡುವೆಯೇ ಇಂಗಿ ಕೊನೆಯ ಹೊಲಕ್ಕೆ ಮುಟ್ಟದು. ಅಂತೆಯೇ ಈ ಪದರ ಹಾಳಾದಾಗ ರಕ್ತದ ದ್ರವ ಸೋರುತ್ತದೆ, ನಾಳಗಳು ಸಡಿಲಗೊಳ್ಳುತ್ತವೆ, ಕಿರುನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ, ಮೆದುಳುಗಳೇ ಆ ಕೊನೆಯ ಹೊಲಗಳು. ಸಲೈನ್ ಕೊಟ್ಟರೂ ಒತ್ತಡ ನಿಲ್ಲದೆ, ಔಷಧದಿಂದಲೇ ಅದನ್ನು ಹಿಡಿದಿಡಬೇಕಾದ ಸ್ಥಿತಿಯೇ ಸೆಪ್ಟಿಕ್ ಶಾಕ್. 2017ರಲ್ಲಿ ಜಗತ್ತಿನ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಉಂಟಾಗಿ, 1.1 ಕೋಟಿ ಜನರು ಮೃತಪಟ್ಟರೆಂದು ಅಂದಾಜು.

ಈ ಪದರವನ್ನು ಸರಿಪಡಿಸಲು ಪ್ಲಾಸ್ಮಾ ವಿನಿಮಯವೆಂಬ ಚಿಕಿತ್ಸೆಯನ್ನು ಪರೀಕ್ಷಿಸಲಾಗುತ್ತಿದೆ. ಯಂತ್ರದ ಮೂಲಕ ರೋಗಿಯ ಪ್ಲಾಸ್ಮಾ ತೆಗೆದು ದಾನಿಗಳ ಪ್ಲಾಸ್ಮಾ ತುಂಬುವರು. ಹಾನಿಕರ ವಸ್ತುಗಳು ಹೊರಹೋಗುತ್ತವೆ. ಪದರವನ್ನು ಕಾಯುವ ಪ್ರೋಟೀನುಗಳು ಒಳಬರುತ್ತವೆ. ಜರ್ಮನಿಯ ಹ್ಯಾನೋವರ್ ವೈದ್ಯರ ಸಣ್ಣ ಅಧ್ಯಯನಗಳಲ್ಲಿ ಒತ್ತಡ ಕಾಯುವ ಔಷಧದ ಅಗತ್ಯ ತಗ್ಗಿತು. ಆದರೆ ಇದರಿಂದ ಹೆಚ್ಚು ಜೀವಗಳು ಉಳಿಯುವುದೆಂದು ಇನ್ನೂ ದೃಢಪಟ್ಟಿಲ್ಲ. ವಯಸ್ಕರ ದೇಹದಲ್ಲಿ ಸುಮಾರು 3 ಲೀಟರ್ ಪ್ಲಾಸ್ಮಾ ಇರುತ್ತದೆ. ಒಬ್ಬರ ರಕ್ತದಾನದಿಂದ ದೊರೆಯುವುದು 200ರಿಂದ 250 ಮಿ.ಲೀ. ಮಾತ್ರ. ಅಂದರೆ ಒಂದು ವಿನಿಮಯಕ್ಕೆ ಸುಮಾರು 12 ದಾನಿಗಳು ಬೇಕು.

ಅಂತಹ ಚಿಕಿತ್ಸೆಗೆ ನಮ್ಮ ಐದು ತಾಲ್ಲೂಕುಗಳ ಜನರು ದೂರದ ದೊಡ್ಡ ಆಸ್ಪತ್ರೆಗಳಿಗೇ ಹೋಗಬೇಕು. ಸೋರಿಕೆಯನ್ನು ಆರಂಭದಲ್ಲಿಯೇ ಗುರುತಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಆದುದರಿಂದ:

1. ಗಾಯ, ಜ್ವರ, ಮೂತ್ರದ ಸೋಂಕು ಅಥವಾ ಹೆರಿಗೆಯ ನಂತರ ಏದುಸಿರು, ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು ಕಂಡರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಜ್ವರವಿಲ್ಲದೆ ಮೈ ತಣ್ಣಗಿದ್ದರೂ ನಂಜಿರಬಹುದು.
2. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವನ್ನು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.
3. ಕಾಮಗಾರಿ ಸ್ಥಳದಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು. ಗಾಯಗೊಂಡವರನ್ನು ಮರುದಿನ ವಿಚಾರಿಸಬೇಕು.
4. ಸ್ವಯಂಪ್ರೇರಿತ ರಕ್ತದಾನ ಶಿಬಿರಗಳಿಗೆ ಪಂಚಾಯತಿಗಳು ನೆರವಾಗಬೇಕು.

ಸೆಪ್ಟಿಕ್ ಶಾಕ್‌ನಲ್ಲಿ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಆರಂಭಿಸಬೇಕೆಂಬುದು ವೈದ್ಯರ ನಿಯಮ. ಆ ಕೂಲಿಕಾರರ ಮನೆಯಲ್ಲಿ ಒಂದು ಇಡೀ ರಾತ್ರಿ ಕಳೆದುಹೋಯಿತು. ಇನ್ನೊಂದು ಮನೆಯಲ್ಲಿ ಹಾಗಾಗದಂತೆ ನೋಡಿಕೊಳ್ಳೋಣವೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.