ಮಾದರಿ ರಾಕೆಟ್: ಹಾರಿಸುವ ಮುನ್ನ



ಕಾಗದದ ಕೊಳವೆ, ತೆಳು ಮರದ ರೆಕ್ಕೆಗಳು, ಪ್ಲಾಸ್ಟಿಕ್ಕಿನ ಮೂತಿ, ಒಳಗೊಂದು ಪುಟ್ಟ ಪ್ಯಾರಾಚೂಟು. ಇಷ್ಟಾದರೆ ಮಾದರಿ ರಾಕೆಟ್ಟಿನ ಒಡಲು ಸಿದ್ಧ. ಮೊಳದುದ್ದದ ಈ ರಾಕೆಟ್ಟು ನೂರು ಮೀಟರಿಗೂ ಮೇಲೇರಿ, ಪ್ಯಾರಾಚೂಟು ಬಿಚ್ಚಿ, ಮೆಲ್ಲಗೆ ನೆಲಕ್ಕಿಳಿಯುತ್ತದೆ. ಹೊಸ ಎಂಜಿನ್ ಹಾಕಿದರೆ ಮತ್ತೆ ಹಾರುತ್ತದೆ. ನಿಮ್ಮ ವಿಜ್ಞಾನ ಸಂಘವೋ ಸ್ಕೌಟ್ ದಳವೋ ಇಂಥ ಉಡಾವಣೆಯೊಂದನ್ನು ಏರ್ಪಡಿಸುವುದು ಹೇಗೆ ಎಂಬುದನ್ನು ಇಂದು ನೋಡೋಣ. ರಾಕೆಟ್ ಕಟ್ಟುವುದು ಇದರಲ್ಲಿ ಕಾಲು ಪಾಲು ಕೆಲಸ ಮಾತ್ರ. ಯಾರಿಗೂ ಪೆಟ್ಟಾಗದಂತೆ ಹಾರಿಸುವುದೇ ಉಳಿದ ಮುಕ್ಕಾಲು.

ಈ ಹವ್ಯಾಸ ಹುಟ್ಟಿದ್ದೇ ಅಪಾಯವನ್ನು ತಪ್ಪಿಸಲು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಹುಡುಗರಿಗೆ ರಾಕೆಟ್ ಹುಚ್ಚು ಹಿಡಿಯಿತು. ಮನೆಯಲ್ಲೇ ಲೋಹದ ಕೊಳವೆಗೆ ರಾಸಾಯನಿಕ ತುಂಬಿ ಬೆಂಕಿ ಹಚ್ಚಿದವರು ಬೆರಳು, ಕಣ್ಣು ಕಳೆದುಕೊಂಡರು. ಪ್ರಾಣ ಕಳೆದುಕೊಂಡವರೂ ಉಂಟು. ಪರಿಹಾರ ಆಗಲೇ ಸಿದ್ಧವಾಗಿತ್ತು. ನೆಬ್ರಾಸ್ಕಾ ರಾಜ್ಯದಲ್ಲಿ ಪಾದರಕ್ಷೆ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ತಮ್ಮ ಸೋದರನೊಡನೆ ಕಾಗದದ ರಾಕೆಟ್ಟೊಂದನ್ನು ರೂಪಿಸಿದ್ದರು. ವೈಟ್ ಸ್ಯಾಂಡ್ಸ್ ಕ್ಷಿಪಣಿ ನೆಲೆಯಲ್ಲಿ ದುಡಿದಿದ್ದ ಹ್ಯಾರಿ ಸ್ಟೈನ್ ಅದಕ್ಕೆ ಸುರಕ್ಷತೆಯ ನಿಯಮಗಳನ್ನು ಕಟ್ಟಿಕೊಟ್ಟರು. ಆ ನಿಯಮಗಳ ತಿರುಳು ಎರಡೇ ಮಾತು: ಎಂಜಿನ್ನನ್ನು ಮಕ್ಕಳು ತಯಾರಿಸಕೂಡದು; ಒಡಲಿಗೆ ಲೋಹ ಬಳಸಕೂಡದು.

ಲೋಹ ಏಕೆ ಬೇಡ? ನಮ್ಮ ನಾಡಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಕಬ್ಬಿಣ ಒಳಗಿನ ಒತ್ತಡವನ್ನು ಹೆಚ್ಚು ತಡೆಯುವುದರಿಂದ ರಾಕೆಟ್ಟು ದೂರ ಹೋಗುತ್ತಿತ್ತು. ಯುದ್ಧದಲ್ಲಿ ಅದು ಗುಣ. ಆದರೆ ಕಬ್ಬಿಣದ ಕೊಳವೆ ಸಿಡಿದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಕಾಗದದ ಕೊಳವೆಯಾದರೋ ಹರಿದುಹೋಗುತ್ತದೆ, ಅಷ್ಟೆ.

ಇನ್ನು ಅನುಮತಿಯ ವಿಷಯ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯಿದೆ ಮತ್ತು 2008ರ ಸ್ಫೋಟಕ ನಿಯಮಗಳ ಪ್ರಕಾರ ಅಪರಾಧ. ಪಟಾಕಿ ಒಡೆದು ಮದ್ದು ತೆಗೆಯುವುದು, ಮನೆಯಲ್ಲಿ ಮದ್ದು ಅರೆಯುವುದು ಸರ್ವಥಾ ಸಲ್ಲದು. ಎಂಜಿನ್ನು ಅಧಿಕೃತ ಮಾರ್ಗದಿಂದಲೇ, ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ಹೊಣೆ ಹೊರುವ ಹಿರಿಯರೊಬ್ಬರ ಕೈಗೆ ಬರಬೇಕು. ಸಂದೇಹವಿದ್ದರೆ ಸ್ಫೋಟಕಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ನಾಗಪುರದಲ್ಲಿದೆ. ಅಲ್ಲಿಗೆ ಬರೆದು ಕೇಳಿ. ಬಳಿಕ ಮೈದಾನದ ಒಡೆಯರು, ಪೊಲೀಸ್ ಠಾಣೆ ಮತ್ತು ಜಿಲ್ಲಾಡಳಿತದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅಗ್ನಿಶಾಮಕ ಠಾಣೆಗೆ ದಿನ, ವೇಳೆ ತಿಳಿಸಿ. ಆಕಾಶಕ್ಕೂ ಒಡೆತನವಿದೆ ಎಂಬುದನ್ನು ಮರೆಯಬೇಡಿ. ಬೆಂಗಳೂರನ್ನೇ ನೋಡಿ: ದೇವನಹಳ್ಳಿ, ಎಚ್.ಎ.ಎಲ್., ಯಲಹಂಕ, ಜಕ್ಕೂರು ಎಂದು ನಾಲ್ಕು ಕಡೆ ವಿಮಾನಗಳು ಏರಿಳಿಯುತ್ತವೆ. ಇಂಥ ಕಡೆ ವಿಮಾನ ನಿಲ್ದಾಣದ ಅಧಿಕಾರಿಗಳು ಬೇಡವೆಂದರೆ ಬೇಡವೇ ಸರಿ. ಬೇರೆ ಊರು ನೋಡಬೇಕು.

ಎಂಜಿನ್ನಿನ ಮೇಲೆ 'ಸಿ 6-5' ಎಂಬಂಥ ಗುರುತು ಇರುತ್ತದೆ. ಅಕ್ಷರ ಒಟ್ಟು ಆವೇಗದ ವರ್ಗವನ್ನು ಹೇಳುತ್ತದೆ. 'ಎ'ಯಿಂದ 'ಬಿ'ಗೆ, 'ಬಿ'ಯಿಂದ 'ಸಿ'ಗೆ ಹೋದಂತೆ ಅದರ ಮಿತಿ ಇಮ್ಮಡಿಯಾಗುತ್ತದೆ. 6 ಎಂಬುದು ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. 5 ಎಂದರೆ ಉರಿ ಮುಗಿದ ಮೇಲೆ ಪ್ಯಾರಾಚೂಟು ಹೊರಬೀಳಲು ಹಿಡಿಯುವ ಸೆಕೆಂಡುಗಳು. ಎಂಜಿನ್ ದೊಡ್ಡದಾದಷ್ಟೂ ಮೈದಾನ ದೊಡ್ಡದಿರಬೇಕು. ಅಮೆರಿಕದ ರಾಕೆಟ್ ಹವ್ಯಾಸಿಗಳ ಸಂಘದ ನಿಯಮದಂತೆ 'ಎ'ಗೆ ಮೈದಾನದ ಚಿಕ್ಕ ಬದಿ ಸುಮಾರು 30 ಮೀಟರ್, 'ಬಿ'ಗೆ 60, 'ಸಿ'ಗೆ 120 ಇರಬೇಕು. ಇದು ಕನಿಷ್ಠ ಮಾತ್ರ. ಲೆಕ್ಕ ಹಾಕಿ: ನೂರು ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಮೀಟರಿನಂತೆ ಇಳಿಯಲು 20 ಸೆಕೆಂಡು ಬೇಕು. ಗಾಳಿಯ ವೇಗವೂ ಸೆಕೆಂಡಿಗೆ 5 ಮೀಟರಾದರೆ ರಾಕೆಟ್ಟು ನೂರು ಮೀಟರ್ ಆಚೆ ಬಿದ್ದಿರುತ್ತದೆ! ಅಲ್ಲಿ ರಸ್ತೆ, ವಿದ್ಯುತ್ ತಂತಿ, ಹುಲ್ಲಿನ ಬಣವೆ ಇರಬಾರದು. ಗಾಳಿ ಗಂಟೆಗೆ 32 ಕಿಲೋಮೀಟರ್ ಮೀರಿದರೆ ಆ ದಿನ ಉಡಾವಣೆಯೇ ಇಲ್ಲ.

ಉಡಾವಣೆಯ ಕಂಬಿ ನೆಟ್ಟಗಿರಲಿ. ಓರೆಯಾದರೂ 30 ಡಿಗ್ರಿ ಮೀರದಿರಲಿ. ಸುತ್ತಲಿನ ಒಣಹುಲ್ಲು ತೆಗೆದು, ನೀರು, ಮರಳು ಇಟ್ಟುಕೊಳ್ಳಿ. ಬೆಂಕಿಕಡ್ಡಿ, ಬತ್ತಿ ಬೇಡ. ಉದ್ದನೆಯ ತಂತಿ, ಬ್ಯಾಟರಿ, ತೆಗೆದಿಡಬಹುದಾದ ಕೀಲಿ ಇರುವ ಗುಂಡಿಯಿಂದಲೇ ಹೊತ್ತಿಸಬೇಕು. ಸಣ್ಣ ಎಂಜಿನ್ನುಗಳಿಗೆ ಕನಿಷ್ಠ 5 ಮೀಟರ್, 'ಡಿ'ಗಿಂತ ದೊಡ್ಡವಕ್ಕೆ 9 ಮೀಟರ್ ದೂರ ನಿಲ್ಲಿ. ನೋಡಲು ಬಂದವರು ಇನ್ನೂ ಹಿಂದೆ ನಿಲ್ಲಲಿ. ಗುಂಡಿ ಒತ್ತಿದರೂ ಹಾರದಿದ್ದರೆ ಮೊದಲು ಕೀಲಿ ತೆಗೆಯಿರಿ, ಒಂದು ನಿಮಿಷ ಕಾಯಿರಿ, ಆಮೇಲಷ್ಟೇ ಹತ್ತಿರ ಹೋಗಿ. ತಂತಿಗೋ ಮರಕ್ಕೋ ಸಿಕ್ಕಿಕೊಂಡ ರಾಕೆಟ್ಟಿನ ಆಸೆ ಬಿಟ್ಟುಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, 'ನಿಲ್ಲಿಸಿ' ಎನ್ನುವ ಅಧಿಕಾರ ಒಬ್ಬರಿಗೆ ಇರಬೇಕು. ಮುಖ್ಯ ಅತಿಥಿಗಳು ಕಾದಿದ್ದಾರೆ, ಪತ್ರಿಕೆಯವರು ಬಂದಿದ್ದಾರೆ ಎಂಬ ಮುಲಾಜು ಅವರಿಗೆ ಕೂಡದು. 2019ರ ಜುಲೈ 15ರಂದು ಶ್ರೀಹರಿಕೋಟಾದಲ್ಲಿ ರಾಷ್ಟ್ರಪತಿಗಳೇ ಬಂದು ಕುಳಿತಿದ್ದರು. ಆದರೂ ತಾಂತ್ರಿಕ ತೊಡಕು ಕಂಡ ಕೂಡಲೇ, ಹಾರಲು 56 ನಿಮಿಷ ಇರುವಾಗ ಚಂದ್ರಯಾನ-2ರ ಉಡಾವಣೆಯನ್ನು ನಿಲ್ಲಿಸಲಾಯಿತು. ವಾರ ಕಳೆದು, 22ರಂದು ಅದು ಸುಸೂತ್ರವಾಗಿ ಹಾರಿತು. ತಡವಾಯಿತೆಂದು ಇಂದು ಯಾರೂ ಆಡಿಕೊಳ್ಳುವುದಿಲ್ಲ.

ರಾಕೆಟ್ ಹಾರಿದ ಮೇಲೆ ಚಪ್ಪಾಳೆಯ ಜೊತೆಗೆ ಅಳತೆಯೂ ನಡೆಯಲಿ. ಕೋನಮಾಪಕಕ್ಕೆ ದಾರ, ಗುಂಡು ಕಟ್ಟಿ ನೂರು ಮೀಟರ್ ದೂರದಿಂದ ನೋಡಿ. ತುದಿಯಲ್ಲಿ 45 ಡಿಗ್ರಿ ಬಂದರೆ ಎತ್ತರ ನೂರು ಮೀಟರ್. 60 ಬಂದರೆ ಸುಮಾರು 173. ತ್ರಿಕೋನಮಿತಿ ಏತಕ್ಕೆಂದು ಆಗ ತಾನೇ ತಿಳಿಯುತ್ತದೆ.

ಎಂಜಿನ್ನಿಗೆ ಅನುಮತಿ ದೊರೆಯದಿದ್ದರೆ ನಿರಾಶೆ ಬೇಡ. ಸೋಡಾ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿಗೆ ಮೂರನೆಯ ಒಂದು ಭಾಗ ನೀರು ಹಾಕಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ ಹಾರಿಸುವ ನೀರಿನ ರಾಕೆಟ್ಟೂ ನ್ಯೂಟನ್ನನ ಮೂರನೆಯ ನಿಯಮವನ್ನೇ ಪಾಲಿಸುತ್ತದೆ. ಅದಕ್ಕೆ ಮದ್ದು ಬೇಡ. ಮೈದಾನ, ದೂರ, ಹಿರಿಯರ ಕಣ್ಣು ಮಾತ್ರ ಬೇಕೇ ಬೇಕು.

ಹೋದವರೆಲ್ಲರೂ ಹೋದಂತೆಯೇ ಮನೆಗೆ ಮರಳಿದರೆ ಆ ಉಡಾವಣೆ ಯಶಸ್ವಿ. ರಾಕೆಟ್ಟು ಎಷ್ಟು ಎತ್ತರಕ್ಕೆ ಹೋಯಿತೆಂಬುದು ಅದರ ನಂತರದ ಮಾತು.