ಹುಲ್ಲಿಗೂ ಬಿಡುವು ಬೇಕು

(ಹನೂರು ಭಾಗದ ದನಗಾಹಿಗಳು ಮತ್ತು ರೈತರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹನೂರಿನ ಕಡೆಯಿಂದ ಬರಗೂರು ಬೆಟ್ಟಗಳನ್ನು ಹತ್ತಿ ಇಳಿದರೆ ತಮಿಳುನಾಡಿನ ಅಂದಿಯೂರು ಸಿಗುತ್ತದೆ. ಆಡಿ ಮಾಸದಲ್ಲಿ, ಅಂದರೆ ಜುಲೈ–ಆಗಸ್ಟ್ ವೇಳೆಗೆ, ಅಲ್ಲಿನ ಗುರುನಾಥಸ್ವಾಮಿ ಜಾತ್ರೆಯಲ್ಲಿ ದನಗಳ ಜೊತೆಗೆ ಕುದುರೆಗಳ ಸಂತೆಯೂ ನೆರೆಯುತ್ತದೆ. ಎತ್ತು ನೋಡಲು ಹೋದವರ ಕಣ್ಣು ಕುದುರೆಯ ಮೇಲೂ ಬೀಳುತ್ತದೆ. ಆದರೆ ಆ ಕುದುರೆಯ ಹಿಂದಿರುವ ಹುಲ್ಲಿನ ಮೇಲೆ ಬೀಳುವುದು ಅಪರೂಪ. ಹನೂರಿನ ದನಗಳಿಗೆ ಇಂದು ಒದಗಿರುವ ಮೇವಿನ ಸಂಕಟವನ್ನು ಅರಿಯಲು ಕುದುರೆಯ ಹುಲ್ಲುಗಾವಲಿನಿಂದಲೇ ಮಾತು ಆರಂಭಿಸುವುದು ಉಚಿತ.

ಕುದುರೆಗೆ ಮೇಲಿನ ಮತ್ತು ಕೆಳಗಿನ ಎರಡೂ ದವಡೆಗಳಲ್ಲಿ ಬಾಚಿಹಲ್ಲುಗಳಿವೆ. ಆದುದರಿಂದ ಅದು ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿದಂತೆ ಮೇಯಬಲ್ಲದು. ದನಕ್ಕೆ ಮೇಲಿನ ಬಾಚಿಹಲ್ಲುಗಳಿಲ್ಲ. ಅದು ನಾಲಗೆಯಿಂದ ಸುತ್ತಿ ಎಳೆದು ಮೇಯುತ್ತದೆ, ಬುಡದಲ್ಲಿ ಸ್ವಲ್ಪ ಉಳಿಸುತ್ತದೆ. ಕುದುರೆ ದಿನದ ಬಹುಭಾಗ ಮೇಯುತ್ತಲೇ ಇರುವ ಪ್ರಾಣಿ. ತಾನು ಲದ್ದಿ ಹಾಕಿದ ಜಾಗವನ್ನು ಬಿಟ್ಟು ಉಳಿದ ಕಡೆ ಮಾತ್ರ ಪದೇ ಪದೇ ಮೇಯುತ್ತದೆ. ಹೀಗೆ ಬಿಟ್ಟರೆ ಒಂದೇ ಹೊಲದಲ್ಲಿ ಒಂದೆಡೆ ಬೋಳು ನೆಲ, ಇನ್ನೊಂದೆಡೆ ಒರಟು ಹುಲ್ಲಿನ ಪೊದೆ ಉಂಟಾಗುತ್ತವೆ. ಆದುದರಿಂದಲೇ ಕುದುರೆ ಸಾಕುವವರು ನೆಲವನ್ನು ಬೇಲಿಯಿಂದ ತುಂಡು ತುಂಡಾಗಿ ವಿಂಗಡಿಸಿ, ಒಂದನ್ನು ಮೇಯಿಸುವಾಗ ಉಳಿದವನ್ನು ಮುಚ್ಚುತ್ತಾರೆ. ಕುದುರೆ ಬಿಟ್ಟ ಹುಲ್ಲನ್ನು ದನಗಳಿಂದ ಮೇಯಿಸುತ್ತಾರೆ. ಒಂದು ಪ್ರಾಣಿಯ ಜಂತುಹುಳುಗಳಲ್ಲಿ ಬಹುಪಾಲು ಇನ್ನೊಂದರ ಹೊಟ್ಟೆಯಲ್ಲಿ ಬೆಳೆಯಲಾರವು. ಇದರಿಂದ ನೆಲವೂ ಶುದ್ಧವಾಗುತ್ತದೆ.

ಹುಲ್ಲಿನ ಆಯ್ಕೆಯೂ ಪ್ರಾಣಿಯನ್ನು ನೋಡಿಯೇ ಆಗಬೇಕು. ಅಂಜನ್ ಹುಲ್ಲು, ಗಿನಿ ಹುಲ್ಲು, ನೇಪಿಯರ್ ಇವುಗಳಲ್ಲಿ ಆಕ್ಸಲೇಟ್ ಎಂಬ ವಸ್ತು ಹೆಚ್ಚು. ದನದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಹುಮಟ್ಟಿಗೆ ಕರಗಿಸುತ್ತವೆ. ಕುದುರೆಯಲ್ಲಿ ಅದು ಸುಣ್ಣದಂಶವನ್ನು ಕಟ್ಟಿಹಾಕಿ, ಬಹುಕಾಲ ಅದೇ ಮೇವಾದರೆ ಮುಖದ ಮೂಳೆಗಳು ಊದಿಕೊಳ್ಳುತ್ತವೆ. ಕುದುರೆಗೆ ಗರಿಕೆ, ರೋಡ್ಸ್ ಹುಲ್ಲು ಮತ್ತು ಲೂಸರ್ನ್ ಒಳ್ಳೆಯವು. ಲೂಸರ್ನಿಗೆ ಕನ್ನಡದಲ್ಲಿ ಕುದುರೆ ಮಸಾಲೆ ಎಂಬ ಹೆಸರು ಬಂದಿರುವುದು ಸುಮ್ಮನೆ ಅಲ್ಲ.

ಕರ್ನಾಟಕಕ್ಕೆ ಈ ಜ್ಞಾನ ಹೊಸದಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ಲಿನ ಕುದುರೆ ಫಾರಂ ಹೈದರ್–ಟಿಪ್ಪುವಿನ ಅಶ್ವದಳದ ಕಾಲದಿಂದ ಬಂದದ್ದು. ದನಗಳ ವಿಷಯದಲ್ಲಿ ಇದಕ್ಕೂ ಹಳೆಯ ವ್ಯವಸ್ಥೆಯಿದೆ. ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆ ಚಾವಡಿ ಮುಂದೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎನಿಸಿತು. ಅದರ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಹಿಂಡು ಋತುವಿಗೆ ತಕ್ಕಂತೆ ಸಾಗುತ್ತಿತ್ತು. ಹಿಂಡು ತೊರೆದ ಕಾವಲಿನಲ್ಲಿ ಹುಲ್ಲು ಬೆಳೆದು, ಹೂ ಬಿಟ್ಟು, ಬೀಜ ಉದುರಿಸುತ್ತಿತ್ತು. ಕಾವಲು ಎಂಬ ಪದದಲ್ಲಿಯೇ ಕಾಯುವಿಕೆ ಇದೆ. ಯುದ್ಧಕ್ಕೆ ಬೇಕಾದ ಪ್ರಾಣಿಗಳ ಹುಲ್ಲನ್ನು ಪ್ರಭುತ್ವ ಹೀಗೆ ಕಾಯಿತು.

ಹನೂರಿನ ಬಡವನ ದನಕ್ಕೆ ಇಂಥ ಕಾವಲು ದೊರೆಯಲಿಲ್ಲ. ಅದಕ್ಕೆ ಕಾಡೇ ಹುಲ್ಲುಗಾವಲು. ಕಾಡಿನೊಳಗೆ ದೊಡ್ಡಿ ಕಟ್ಟಿ, ತಿಂಗಳುಗಟ್ಟಲೆ ಅಲ್ಲಿಯೇ ದನ ಮೇಯಿಸುವುದು ಈ ಸೀಮೆಯ ಹಳೆಯ ಬದುಕು. ಆಲಂಬಾಡಿ, ಬರಗೂರು ತಳಿಗಳು ಆ ಬದುಕಿನಿಂದಲೇ ರೂಪುಗೊಂಡವು. ಆದರೆ ಆ ಕಾಡು ಈಗ ಮೊದಲಿನಂತಿಲ್ಲ. ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದ ಅಧ್ಯಯನದಲ್ಲಿ, 1997ರಲ್ಲಿ ನೂರರಲ್ಲಿ 41 ತಾಕುಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ 81 ತಾಕುಗಳಿಗೆ ಹಬ್ಬಿತ್ತು. ಸೋಲಿಗರು ವರ್ಷದ ಆರಂಭದಲ್ಲಿ ಹಾಕುತ್ತಿದ್ದ ತರಗುಬೆಂಕಿ ನಿಂತುದೂ ಇದಕ್ಕೊಂದು ಕಾರಣವೆಂಬುದು ಸೋಲಿಗರ ಅನುಭವದ ಮಾತು. ಲಂಟಾನದ ನೆರಳಿನಲ್ಲಿ ಹುಲ್ಲು ಬೆಳೆಯದು.

2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾಯಿತು. 2025ರ ಜೂನ್ ತಿಂಗಳಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಹುಲಿಯನ್ನೇರಿ ಬರುವ ಮಾದಪ್ಪನ ನೆಲದಲ್ಲಿ ಇದು ನಡೆಯಿತು. ಮರುತಿಂಗಳೇ ಕಾಡಿನಲ್ಲಿ ದನ ಮೇಯಿಸುವುದನ್ನು ತಡೆಯಬೇಕೆಂಬ ಸೂಚನೆ ಸರ್ಕಾರದಿಂದ ಹೊರಟಿತು. ರೈತರಿಂದ ವಿರೋಧವೂ ಬಂದಿತು. 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳ ಮೇಯಿಸುವ ಹಕ್ಕನ್ನು ಮಾನ್ಯ ಮಾಡುತ್ತದೆ ಎಂಬುದನ್ನು ಮರೆಯುವಂತಿಲ್ಲ. ಆದರೆ ಹಕ್ಕುಪತ್ರವಾಗಲಿ ನಿಷೇಧಾಜ್ಞೆಯಾಗಲಿ ಒಂದು ಹಿಡಿ ಹುಲ್ಲನ್ನೂ ಬೆಳೆಸಲಾರದು. ಹುಲ್ಲು ಊರಿನ ಬಳಿ ಬೆಳೆಯದಿದ್ದರೆ ದನ ಕಾಡಿಗೆ ಹೋಗಿಯೇ ತೀರುತ್ತದೆ.

ಊರಿನ ಬಳಿ ಹುಲ್ಲು ಬೆಳೆಸಬಹುದೇ? ಇದಕ್ಕೆ ಉತ್ತರ ದೂರದಲ್ಲಿಲ್ಲ. ಕೊಳ್ಳೇಗಾಲ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದೇ ಹಳೆಯ ಜಿಲ್ಲೆಯ ಕಾಂಗೇಯಂ ಕಡೆಯ ಒಣಭೂಮಿಯಲ್ಲಿ ಕೊರಂಗಾಡು ಎಂಬ ಹುಲ್ಲುಗಾವಲು ಪದ್ಧತಿ ಇಂದಿಗೂ ಉಳಿದಿದೆ. ಕಿಲುವೆ ಮುಳ್ಳಿನ ಜೀವಂತ ಬೇಲಿ, ನಡುನಡುವೆ ಬಿಳಿಜಾಲಿ ಮರ, ನೆಲದಲ್ಲಿ ಅಂಜನ್ ಜಾತಿಯ ಹುಲ್ಲು. ಮರದ ಕಾಯಿ ಬೇಸಗೆಯಲ್ಲಿ ಕುರಿಗೆ ಆಹಾರ. ಬೇಲಿಯಿರುವುದರಿಂದ ಒಂದು ಹೊಲ ಮುಚ್ಚಿ ಇನ್ನೊಂದನ್ನು ತೆರೆಯಲು ಸಾಧ್ಯ. ಕಾಂಗೇಯಂ ದನವನ್ನು ಸಾಕಿದ್ದು ಈ ಹೊಲಗಳೇ.

ಹನೂರಿನ ಗೋಮಾಳದಲ್ಲಿ ಇದನ್ನು ಮಾಡುವ ಕ್ರಮ ಹೀಗೆ. ಮೇ ತಿಂಗಳ ಮಳೆಗೆ ನೆಲವನ್ನು ಹಗುರವಾಗಿ ಉತ್ತು, ಕಾಂಗ್ರೆಸ್ ಗಿಡ ಮೊದಲಾದ ಕಳೆಗಳು ಮೊಳೆಯಲು ಬಿಟ್ಟು, ಹೂ ಬಿಡುವ ಮೊದಲೇ ಕಿತ್ತುಹಾಕಬೇಕು. ಹಿಂಗಾರಿನ ಮಳೆ ಕೂಡಿಕೊಳ್ಳುವ ಸೆಪ್ಟೆಂಬರಿನಲ್ಲಿ ಬಿತ್ತನೆ. ಎಕರೆಗೆ ಎರಡರಿಂದ ಎರಡೂವರೆ ಕಿಲೋ ಅಂಜನ್ ಹುಲ್ಲಿನ ಬೀಜ, ಎರಡು ಕಿಲೋ ಸ್ಟೈಲೊ ಬೀಜ ಸಾಕು. ಸ್ಟೈಲೊ ದ್ವಿದಳ ಜಾತಿಯದು. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಅದರ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಇಟ್ಟು, ಬಳಿಕ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಬೇಕು. ಅಂಜನ್ ಬೀಜ ಹೊಸದಾಗಿದ್ದರೆ ಮೊಳೆಯದು. ಕೆಲವು ತಿಂಗಳು ಇಟ್ಟ ಬೀಜವೇ ಮೇಲು. ಹತ್ತಿಯಂತೆ ಹಗುರವಾದ ಈ ಬೀಜವನ್ನು ತೇವದ ಮಣ್ಣಿನೊಂದಿಗೆ ಬೆರೆಸಿ ಚೆಲ್ಲಬೇಕು. ಒಂದೆರಡು ಸೆಂಟಿಮೀಟರಿಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬಾರದು. ಸ್ಟೈಲೊ ಹೊರನಾಡಿನಿಂದ ಬಂದದ್ದು, ಅಂಜನ್ ಬಲು ಬೇಗ ಹಬ್ಬುವಂಥದು. ಆದುದರಿಂದ ಇವನ್ನು ಊರಿನ ಭೂಮಿಗೆ ಸೀಮಿತಗೊಳಿಸಿ, ಕಾಡಿನೊಳಗೆ ಚೆಲ್ಲದಿರುವುದು ವಿವೇಕ. ಗರಿಕೆ, ಕರಡ ಮೊದಲಾದ ನೆಲದ ಹುಲ್ಲುಗಳು ಉಳಿದಿರುವ ಕಡೆ ಉಳುಮೆಯೇ ಬೇಡ; ಬೇಲಿ ಹಾಕಿ ಸುಮ್ಮನಿದ್ದರೆ ಸಾಕು.

ಬಿತ್ತುವುದು ಸುಲಭ; ಕಷ್ಟವಿರುವುದು ಅನಂತರದ ಸುಮ್ಮನಿರುವಿಕೆಯಲ್ಲಿ. ಮೇಯ್ದ ಹುಲ್ಲು ಬುಡದಲ್ಲಿ ಮತ್ತು ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಮತ್ತೆ ಚಿಗುರುತ್ತದೆ. ಆ ಖರ್ಚು ತುಂಬುವ ಮೊದಲೇ ಇನ್ನೊಮ್ಮೆ ಮೇಯ್ದರೆ ಬೇರು ಕುಗ್ಗುತ್ತದೆ. ಕೆಲವೇ ವರ್ಷಗಳಲ್ಲಿ ಒಳ್ಳೆಯ ಹುಲ್ಲು ಅಳಿದು, ದನ ಮುಟ್ಟದ ಹಂಚಿಹುಲ್ಲು ಉಳಿಯುತ್ತದೆ. ಆದುದರಿಂದ ಮೊದಲ ವರ್ಷ ದನವನ್ನು ಒಳಗೆ ಬಿಡಬಾರದು; ಕೊಯ್ದು ತಂದು ಹಾಕಬೇಕು. ಎರಡನೆಯ ವರ್ಷದಿಂದ ಗೋಮಾಳವನ್ನು ನಾಲ್ಕು ಭಾಗ ಮಾಡಿ ಸರದಿಯಂತೆ ಮೇಯಿಸಬೇಕು. ಹುಲ್ಲು ಮುಷ್ಟಿಯ ಎತ್ತರಕ್ಕೆ, ಅಂದರೆ ಸುಮಾರು 10 ಸೆಂಟಿಮೀಟರಿಗೆ ಇಳಿದಾಗ ದನ ಹೊರಬರಬೇಕು. ಪ್ರತಿವರ್ಷ ಒಂದು ಭಾಗ ಬೀಜ ಉದುರಿಸುವವರೆಗೆ ಮುಚ್ಚಿರಬೇಕು.

ಇನ್ನು ಲೆಕ್ಕ. 250 ಕಿಲೋ ತೂಕದ ಹಸುವಿಗೆ ದಿನಕ್ಕೆ ಸುಮಾರು ಆರು ಕಿಲೋ ಒಣಮೇವು ಬೇಕು. ವರ್ಷಕ್ಕೆ ಎರಡು ಟನ್ನಿಗೂ ಹೆಚ್ಚು. ಮಳೆಯಾಶ್ರಿತ ಎಕರೆಯೊಂದು ಒಳ್ಳೆಯ ವರ್ಷದಲ್ಲಿ ಒಂದೂವರೆ ಟನ್ ಒಣಹುಲ್ಲು ಕೊಡುತ್ತದೆಂದು ಹಿಡಿದರೂ, ಅರ್ಧವನ್ನು ಹುಲ್ಲಿಗೇ ಬಿಡಬೇಕು. ಒಂದು ಹಸುವಿಗೆ ಮೂರು ಎಕರೆಯಾಯಿತು. ಕರ್ನಾಟಕ ಭೂಕಂದಾಯ ನಿಯಮಗಳು (1966) ನೂರು ದನಗಳಿಗೆ ಕಾದಿರಿಸಲು ಹೇಳುವುದು 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಆ ಮೂವತ್ತು ಎಕರೆಯನ್ನು ಎಷ್ಟೇ ಚೆನ್ನಾಗಿ ನಿರ್ವಹಿಸಿದರೂ ನೂರು ದನಗಳಿಗೆ 37 ದಿನಗಳ ಮೇವು. ಆ ಮೂವತ್ತೂ ಒತ್ತುವರಿಯಾಗದೆ ಉಳಿದಿದ್ದರೆ ಮಾತ್ರ ಈ ಮಾತು.

ಈ ಲೆಕ್ಕವನ್ನು ಮುಚ್ಚಿಟ್ಟು ಗೋಮಾಳವೇ ಕಾಡಿಗೆ ಬದಲಿ ಎಂದು ಹೇಳುವುದು ರೈತರಿಗೆ ಬಗೆಯುವ ಮೋಸ. ಕಾಡನ್ನು ಮುಚ್ಚಿ ಬೇರೇನನ್ನೂ ಕೊಡದಿರುವುದು ಇನ್ನೂ ದೊಡ್ಡ ಮೋಸ. ಆದರೆ 37 ದಿನಗಳು ಸಣ್ಣವಲ್ಲ. ರಾಗಿಹುಲ್ಲು ಮುಗಿದು, ಕಾಡು ಒಣಗಿ, ಮೊದಲ ಮಳೆ ಬೀಳದ ಏಪ್ರಿಲ್ ತಿಂಗಳಿಗೆ ಆ ಒಣಹುಲ್ಲನ್ನು ಉಳಿಸಿಕೊಂಡರೆ, ದನ ಹುಲಿಯ ಬಾಯಿಗೆ ಹೋಗುವ ಕಡುಕಷ್ಟದ ದಿನಗಳು ದಾಟುತ್ತವೆ. ಉಳಿದ ದಿನಗಳಿಗೆ ಬದುವಿನ ಮರದ ಸೊಪ್ಪು, ರಾಗಿ ಜೋಳಗಳ ಹುಲ್ಲು, ಹುರುಳಿಯ ಹೊಟ್ಟು ಇವನ್ನು ಕೂಡಿಸಬೇಕು. ಬರಿಯ ಗೊಬ್ಬರಕ್ಕಾಗಿ ಸಾಕುವ ಹೆಚ್ಚುವರಿ ದನಗಳ ಸಂಖ್ಯೆಯ ಬಗ್ಗೆಯೂ ಊರು ಕುಳಿತು ಮಾತನಾಡಬೇಕು.

ರಾಜನ ಕುದುರೆಗೆ ದೊರೆತ ಬಿಡುವಿನ ಹುಲ್ಲು ಬಡವನ ಹಸುವಿಗೂ ದೊರೆಯಬೇಕಾದರೆ, ಆ ಕಾವಲನ್ನು ಊರೇ ಕಾಯಬೇಕು. ಅದಕ್ಕೆ ಮೊದಲ ಕೆಲಸ, ತಮ್ಮ ತಮ್ಮ ಗ್ರಾಮಗಳ ಗೋಮಾಳದ ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಪಹಣಿಯಲ್ಲಿ ನೋಡಿ, ನೆಲದ ಮೇಲೆ ಅಳೆಯಿಸುವುದು. ಎರಡನೆಯದು, ಅದರಲ್ಲಿ ನಾಲ್ಕರಲ್ಲೊಂದು ಪಾಲನ್ನಾದರೂ ಈ ಮುಂಗಾರಿಗೆ ಮುಚ್ಚುವುದು. ಬೀಜದ ಮಾತು ಅನಂತರ ಆಡಬಹುದು.