ಮನೆಯ ಕಂಪ್ಯೂಟರಿನಲ್ಲಿ ಉಪಗ್ರಹದ ಹವಾಮಾನ ಚಿತ್ರ

ಹವಾಮಾನ ಉಪಗ್ರಹಗಳಲ್ಲಿ ಹಲವು ತಾವು ಕಂಡದ್ದನ್ನು ಬಚ್ಚಿಡುವುದಿಲ್ಲ. ಸಣ್ಣ ಸಲಕರಣೆ ಇದ್ದವರೂ ಚಿತ್ರ ಪಡೆಯಲೆಂದು ನೇರವಾಗಿ ಬಿತ್ತರಿಸುವ ಪದ್ಧತಿ 1963ರ ಡಿಸೆಂಬರಿನಲ್ಲಿ ಹಾರಿದ ಟೈರೋಸ್-8ರಿಂದ ಆರಂಭವಾಯಿತು. ಅಮೆರಿಕದ ನೋವಾ ಉಪಗ್ರಹಗಳು ಸೆಕೆಂಡಿಗೆ ಎರಡು ಸಾಲಿನಂತೆ ಕಳಿಸುತ್ತಿದ್ದ ಚಿತ್ರ ರಿಸೀವರಿನಲ್ಲಿ ಟಿಕ್ ಟಿಕ್ ಎಂಬ ಸದ್ದಾಗಿ ಕೇಳಿಸುತ್ತಿತ್ತು. ಅದನ್ನು ಚಿತ್ರವಾಗಿಸಲು ಹಳೆಯ ಕಂಪ್ಯೂಟರಿನ ಸೌಂಡ್ ಕಾರ್ಡ್ ಸಾಕಿತ್ತು. ಹವ್ಯಾಸಿಗಳನ್ನು ಈ ವಿದ್ಯೆಗೆ ಎಳೆತಂದ ನೋವಾ-15, 18 ಮತ್ತು 19 ಮೂರೂ 2025ರ ಜೂನ್–ಆಗಸ್ಟ್ ನಡುವೆ ನಿವೃತ್ತವಾದವು.

ಆ ಜಾಗದಲ್ಲಿ ಈಗ ರಷ್ಯಾದ ಮೀಟಿಯರ್-ಎಂ ಸರಣಿಯ ಎನ್2-3 ಮತ್ತು ಎನ್2-4 ಇವೆ. ಇವು ಸುಮಾರು 820 ಕಿ.ಮೀ. ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಡಿಜಿಟಲ್ ಸಂಕೇತ ಕಳಿಸುತ್ತವೆ. ಚಿತ್ರದ ಪ್ರತಿ ಚುಕ್ಕೆ ನೆಲದ ಸುಮಾರು ಒಂದು ಕಿ.ಮೀ.ಗೆ ಸಮ, ನೋವಾದ ಆ ಚಿತ್ರಗಳಲ್ಲಿ ಅದು ನಾಲ್ಕು ಕಿ.ಮೀ. ಆಗಿತ್ತು. ಬೆಂಗಳೂರಿನ ನೆತ್ತಿಯ ಮೇಲೆ ಹಾದ ಒಂದೇ ಸುತ್ತಿನಲ್ಲಿ ಅರಬ್ಬಿ ಸಮುದ್ರವೂ ಬಂಗಾಳ ಕೊಲ್ಲಿಯೂ ಚಿತ್ರದೊಳಗೆ ಬರುತ್ತವೆ.

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನಂಥ ಬಡಾವಣೆಗೆ ಈ ಕೆಲಸ ಪರಕೀಯವಲ್ಲ. ಪಕ್ಕದ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲೇ ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡು 1975ರ ಏಪ್ರಿಲ್ 19ರಂದು ಹಾರಿತು. ಉಪಗ್ರಹಗಳ ಜಾಡು ಹಿಡಿಯುವ ಇಸ್ರೋದ ಇಸ್ಟ್ರ್ಯಾಕ್ ಇಂದಿಗೂ ಅಲ್ಲೇ ಇದೆ. ಮನೆಯ ತಾರಸಿಗೆ ಬೇಕಾದದ್ದು ಬಹಳ ಕಡಿಮೆ. ಸುಮಾರು 53 ಸೆಂ.ಮೀ. ಉದ್ದದ ಎರಡು ಲೋಹದ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಅಡ್ಡಲಾಗಿ ಕಟ್ಟಿದರೆ ಆಂಟೆನಾ ಸಿದ್ಧ. ಟಿ.ವಿ. ನೋಡಲೆಂದು ತಯಾರಾಗಿ, 2012ರಿಂದ ರೇಡಿಯೊ ರಿಸೀವರಾಗಿ ಬಳಕೆಗೆ ಬಂದ ಆರ್‌ಟಿಎಲ್ ಡಾಂಗಲ್, ಹಳೆಯ ಲ್ಯಾಪ್‌ಟಾಪ್, ಉಚಿತ ತಂತ್ರಾಂಶ ಸ್ಯಾಟ್‌ಡಂಪ್ ಸೇರಿದರೆ ನಿಲ್ದಾಣವೇ ಆಯಿತು. ನಗರದಲ್ಲಿ ನಿಜವಾದ ತೊಡಕು ಗದ್ದಲದ್ದು. ಎಫ್‌ಎಂ ಕೇಂದ್ರಗಳ ಬಲವಾದ ಅಲೆ ಡಾಂಗಲನ್ನು ಉಸಿರುಗಟ್ಟಿಸುತ್ತದೆ; ಅಗ್ಗದ ಎಲ್‌ಇಡಿ ದೀಪಗಳೂ ಕಿರಿಕಿರಿ ಮಾಡುತ್ತವೆ. ಹೀಗಾಗಿ ದೊಡ್ಡ ಆಂಟೆನಾಕ್ಕೆ ಹಣ ಸುರಿಯುವ ಮೊದಲು ಒಂದು ಫಿಲ್ಟರ್ ಕೊಳ್ಳುವುದೇ ಜಾಣತನ.

ಆದರೆ ಧ್ರುವೀಯ ಉಪಗ್ರಹ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತದೆ, ಬೆಂಗಳೂರಿನ ಗುಡುಗುಮಳೆ ಒಂದೆರಡು ಗಂಟೆಯಲ್ಲಿ ಸುರಿದು ಮುಗಿಯುತ್ತದೆ. 2017ರ ಅಕ್ಟೋಬರ್ 13ರ ರಾತ್ರಿ ಇದೇ ನಗರದ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಜೀವಹಾನಿಯಾದದ್ದು ಅಂಥ ಮಳೆಯಿಂದಲೇ. ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುವುದು ಭೂಸ್ಥಿರ ಉಪಗ್ರಹಗಳು. 2016ರ ಇನ್ಸಾಟ್-3ಡಿಆರ್ ಮತ್ತು 2024ರ ಇನ್ಸಾಟ್-3ಡಿಎಸ್ ಒಂದೇ ಕಡೆ ನಿಂತು ದೇಶವನ್ನು ನೋಡುತ್ತಲೇ ಇರುತ್ತವೆ. ಇವುಗಳ ದತ್ತಾಂಶವನ್ನು ಅಹಮದಾಬಾದಿನಲ್ಲಿರುವ ಇಸ್ರೋದ ದತ್ತಾಂಶ ಕೇಂದ್ರ ಮಾಸ್ಡ್ಯಾಕ್‌ನಲ್ಲಿ ನೋಂದಾಯಿಸಿಕೊಂಡವರು ಪಡೆಯಬಹುದು.

ಸಂಸ್ಕರಣೆಯ ತಿರುಳಿರುವುದು ಬಣ್ಣ ಹಚ್ಚುವುದರಲ್ಲಲ್ಲ, ಅಳೆಯುವುದರಲ್ಲಿ. ಅವಕೆಂಪು ಚಿತ್ರದ ಪ್ರತಿ ಚುಕ್ಕೆಯೂ ಒಂದು ಸಂಖ್ಯೆ. ಇನ್ಸಾಟ್ ಕಡತದಲ್ಲೇ ಇರುವ ಕೋಷ್ಟಕದಿಂದ ಅದನ್ನು ಉಷ್ಣತೆಯಾಗಿ ಮಾರ್ಪಡಿಸಲು ಪೈಥಾನಿನ ಹತ್ತಿಪ್ಪತ್ತು ಸಾಲು ಸಾಕು. ಮೋಡದ ನೆತ್ತಿ ಶೂನ್ಯಕ್ಕಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿದ್ದರೆ ಅದು ಬಹಳ ಎತ್ತರಕ್ಕೆ ಬೆಳೆದ ಮೋಡ. ಹಾಗೆಂದು ತಣ್ಣಗಿನ ಮೋಡವೆಲ್ಲ ಮಳೆಯ ಮೋಡವಲ್ಲ. ತೆಳುವಾದ ಹಿಮಮೋಡವೂ ಕೆಲವೊಮ್ಮೆ ಅಷ್ಟೇ ತಣ್ಣಗೆ ಕಾಣುತ್ತದೆ. ಆದ್ದರಿಂದ ಚಿತ್ರವನ್ನು ನೆಲದ ಮಳೆಮಾಪಕದ ಅಂಕಿಯ ಪಕ್ಕದಲ್ಲಿಟ್ಟೇ ಓದಬೇಕು. ಶಾಲೆ, ಕಾಲೇಜುಗಳ ತಾರಸಿಯ ಮೇಲೆ ಮಳೆಮಾಪಕವೂ ಆಂಟೆನಾವೂ ಜೊತೆಗಿರುವುದು ಅಗತ್ಯ. ಅಂದವಾದ ಚಿತ್ರವನ್ನಷ್ಟೇ ಉಳಿಸಿಕೊಂಡು ಮೂಲ ಕಡತ ಅಳಿಸುವ ರೂಢಿ ನಿಲ್ಲಬೇಕು: ದಿನಾಂಕ, ಸಮಯ, ಉಪಗ್ರಹದ ಹೆಸರಿನೊಡನೆ ಮೂಲ ಕಡತ ಇದ್ದರೆ ಮಾತ್ರ ಮುಂದೆ ಇನ್ನೊಬ್ಬರು ಅದೇ ಮೋಡವನ್ನು ಮತ್ತೆ ಅಳೆಯಲು ಸಾಧ್ಯ.